ಸೂಳೆಕೆರೆಯನ್ನೂ ನುಂಗುವ ಫಿಲ್ಟರ್: ಕಾಮೆಂಟ್ ಕಾಯುವ ಸಲಕರಣೆಗಳು ಕನ್ನಡಕ್ಕೆ ಎಷ್ಟು ಒಗ್ಗುತ್ತವೆ?

ಯೂಟ್ಯೂಬ್ ಚಾನೆಲ್ ಇಟ್ಟುಕೊಂಡವರು ಬೈಗುಳಕ್ಕೆ ರೋಸಿಹೋದಾಗ ಮೊದಲು ಮಾಡುವ ಕೆಲಸ ಒಂದೇ: ‘ಬ್ಲಾಕ್ಡ್ ವರ್ಡ್ಸ್’ ಡಬ್ಬಿಗೆ ಬಾಯಿಗೆ ಬಂದ ಹತ್ತಿಪ್ಪತ್ತು ಪದ ತುಂಬುವುದು. ಅದರಲ್ಲಿ ‘ಸೂಳೆ’ ಇದ್ದೇ ಇರುತ್ತದೆ. ಮಾರನೇ ದಿನ ಚನ್ನಗಿರಿ ಕಡೆಯವರು ಯಾರಾದರೂ ‘ಸೂಳೆ ಕೆರೆ ಕೋಡಿ ಬಿತ್ತಾ?’ ಅಂತ ಬಿಡಿಸಿ ಬರೆದರೆ ಆ ಕಾಮೆಂಟ್ ಮೇಲೆ ಬರುವುದಿಲ್ಲ. 12ನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರೆತ್ತಿದವರದ್ದೂ ಬರುವುದಿಲ್ಲ. ಅದೇ ಪದಕ್ಕೆ ‘ಮಗ’ ಅಂಟಿಸಿ ಒಂದೇ ಪದವಾಗಿ ಬರೆದ ಬೈಗುಳ ಮಾತ್ರ, ಪೂರ್ತಿ ಪದವನ್ನಷ್ಟೇ ಹೋಲಿಸುವ ಫಿಲ್ಟರ್‌ಗೆ ಬೇರೆಯದೇ ಪದವಾಗಿ ಕಂಡು ಆರಾಮಾಗಿ ದಾಟಿಹೋಗುತ್ತದೆ. ಕೆರೆ ಕೇಳಿದವರು ಒಳಗೆ, ಬೈದವನು ಹೊರಗೆ.

ಆನ್‌ಲೈನ್ ದ್ವೇಷವನ್ನು ತಡೆಯಲು ಕನ್ನಡದ ಪುಟ, ಚಾನೆಲ್, ಗ್ರೂಪು ನಡೆಸುವವರ ಕೈಗೆ ಸಿಗುವ ಸಲಕರಣೆಗಳನ್ನು ಇಲ್ಲಿ ಎರಡು ಪ್ರಶ್ನೆ ಇಟ್ಟು ತೂಗಿದ್ದೇವೆ. ಕನ್ನಡದಲ್ಲಿ ಬರೆದ ದ್ವೇಷ ಇದಕ್ಕೆ ಸಿಕ್ಕಿಬೀಳುತ್ತದೆಯೇ? ತಪ್ಪಾಗಿ ಯಾರದೋ ಮಾತು ಅಳಿಸಿಹೋದರೆ ಅದು ಅವರಿಗೆ ಗೊತ್ತಾಗುತ್ತದೆಯೇ, ವಾಪಸು ತರಿಸಿಕೊಳ್ಳಲು ದಾರಿ ಇದೆಯೇ? ಬಹಳಷ್ಟು ಸಲಕರಣೆಗಳು ಮೊದಲ ಪ್ರಶ್ನೆಗೆ ಅರೆಬರೆ ಪಾಸು, ಎರಡನೆಯದಕ್ಕೆ ಫೇಲು.

ಮೊದಲು ಜರಡಿ

ಯಾವ ಗುಂಡಿ ಒತ್ತುವ ಮೊದಲೂ ಏನನ್ನು ತಡೆಯಬೇಕು ಎಂಬುದು ಗೊತ್ತಿರಬೇಕು. ‘ಈ ಶಾಸಕ ಅಯೋಗ್ಯ, ರಸ್ತೆ ನೋಡಿ’ ಎಂಬುದು ಕಟುವಾಗಿದ್ದರೂ ಟೀಕೆ, ಅದನ್ನು ಮುಟ್ಟಬಾರದು. ‘ನಿನ್ನ ಮುಖಕ್ಕಿಷ್ಟು’ ಎಂಬುದು ವ್ಯಕ್ತಿಗೆ ಹಾಕಿದ ಬೈಗುಳ. ಅದನ್ನು ತೆಗೆಯುವುದೂ ಬಿಡುವುದೂ ಪುಟದವರ ಮರ್ಜಿ, ಆದರೆ ಪೊಲೀಸರ ತನಕ ಒಯ್ಯುವಂಥದ್ದಲ್ಲ. ಹುಟ್ಟು, ಜಾತಿ, ಧರ್ಮ, ಲಿಂಗ, ಅಂಗವೈಕಲ್ಯ, ಭಾಷೆ ಹಿಡಿದು ಇಡೀ ಗುಂಪನ್ನೇ ಹೀನ ಎನ್ನುವುದು, ಹೊಡೆಯಿರಿ, ಓಡಿಸಿರಿ ಎಂದು ಕರೆಕೊಡುವುದು, ಯಾರದೋ ಮನೆ ವಿಳಾಸ ಹಾಕುವುದು ಮೂರನೆಯ ಬುಟ್ಟಿ. ದ್ವೇಷಭಾಷಣ ಎಂದರೆ ಇದು.

ಕಷ್ಟ ಇರುವುದು ಗಡಿಯಲ್ಲಿ. ‘ಇವರ ಅಂಗಡಿಗೆ ಯಾರೂ ಹೋಗಬೇಡಿ’ ಎಂಬ ಒಂದೇ ವಾಕ್ಯ ತೆಗೆದುಕೊಳ್ಳಿ. ಹಳಸಿದ ತಿಂಡಿ ಕೊಟ್ಟ ಹೋಟೆಲಿನ ವಿಡಿಯೊ ಕೆಳಗೆ ಬಂದರೆ ಅದು ಗ್ರಾಹಕರ ದೂರು. ಜಾತ್ರೆಯ ವಿಡಿಯೊ ಕೆಳಗೆ, ಒಂದು ಧರ್ಮದ ವ್ಯಾಪಾರಿಗಳನ್ನು ತೋರಿಸಿ ಹೇಳಿದರೆ ಬಹಿಷ್ಕಾರದ ಕರೆ. ಅಕ್ಷರ ಅವೇ, ಯಂತ್ರಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಇಂಥ ಕಡೆ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಮುಂದಾಳತ್ವದಲ್ಲಿ 2012ರಲ್ಲಿ ಸಿದ್ಧವಾದ ರಬಾತ್ ಕ್ರಿಯಾಯೋಜನೆಯ ಆರು ಅಂಶಗಳು ಕೆಲಸಕ್ಕೆ ಬರುತ್ತವೆ: ಸಂದರ್ಭ, ಮಾತಾಡಿದವರ ಸ್ಥಾನಮಾನ, ಉದ್ದೇಶ, ಮಾತಿನ ತಿರುಳು ಮತ್ತು ರೂಪ, ಎಷ್ಟು ಜನಕ್ಕೆ ತಲುಪಿದೆ, ಹಾನಿ ಆಗುವ ಸಂಭವ ಎಷ್ಟು. ಹನ್ನೆರಡು ಫಾಲೋವರ್ ಇರುವ ಖಾತೆ ಕೂಗಿಕೊಂಡಿದ್ದಕ್ಕೂ, ಗಲಾಟೆ ನಡೆದ ಊರಿನ ಮುಖಂಡ ಅದೇ ರಾತ್ರಿ ಬರೆದದ್ದಕ್ಕೂ ಒಂದೇ ಮದ್ದು ಅರೆಯಬಾರದು.

ಯೂಟ್ಯೂಬ್: ತಡೆದಿಡುವ ಸರತಿ

ಇರುವುದರಲ್ಲಿ ನಮ್ಮ ಓಟು ಇದಕ್ಕೇ. ಯೂಟ್ಯೂಬ್ ಸ್ಟುಡಿಯೊ ತೆರೆದು ಸೆಟ್ಟಿಂಗ್ಸ್, ಅಲ್ಲಿಂದ ಕಮ್ಯೂನಿಟಿ ಭಾಗಕ್ಕೆ ಹೋದರೆ ಮಾಡರೇಟರ್ ಪಟ್ಟಿಯ ಜೊತೆಗೆ ಈ ಪೆಟ್ಟಿಗೆಗಳು ಸಿಗುತ್ತವೆ: ಅನುಮತಿ ಪಡೆದವರು, ಅಡಗಿಸಿದವರು, ತಡೆದ ಪದಗಳು, ಲಿಂಕ್ ತಡೆ. ತಡೆದ ಪದ ಇರುವ ಕಾಮೆಂಟ್ ಅಳಿಸಿಹೋಗುವುದಿಲ್ಲ, ‘ಹೆಲ್ಡ್ ಫಾರ್ ರಿವ್ಯೂ’ ಸರತಿಗೆ ಬಂದು ಕೂರುತ್ತದೆ. ಮನುಷ್ಯರೊಬ್ಬರು ಓದಿ ಬಿಡಬಹುದು, ತೆಗೆಯಬಹುದು. ಸೂಳೆಕೆರೆ ಬದುಕುವುದು ಇಲ್ಲಿಯೇ.

ಆದರೆ ಆ ಸರತಿಯಲ್ಲಿ ಕಾಮೆಂಟ್ ಇರುವುದು 60 ದಿನ ಮಾತ್ರ. ಅಷ್ಟರೊಳಗೆ ಯಾರೂ ನೋಡದಿದ್ದರೆ ಯಾರೂ ತೀರ್ಮಾನಿಸದೆಯೇ ಒಂದು ಮಾತು ಸತ್ತಂತೆ. ಬರೆದವರಿಗೆ ‘ನಿಮ್ಮದನ್ನು ತಡೆದಿದ್ದೇವೆ’ ಎಂಬ ಸೂಚನೆಯೂ ಹೋಗುವುದಿಲ್ಲ. ಚಾನೆಲ್ ದೊಡ್ಡದಾಗುತ್ತ ಹೋದಂತೆ ಕೈತಪ್ಪುವುದು ಇಲ್ಲೇ: ಪಟ್ಟಿ ಬೆಳೆಯುತ್ತದೆ, ಸರತಿ ನೋಡುವವರು ಇರುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಕೊಡಲಾಗದಿದ್ದರೆ ಪಟ್ಟಿಯನ್ನು ಚಿಕ್ಕದು ಮಾಡಿ. ಇಲ್ಲವೇ ಮಾಡರೇಟರ್ ನೇಮಿಸಿ. ಸ್ಟ್ಯಾಂಡರ್ಡ್ ಮಾಡರೇಟರ್ ಕಾಮೆಂಟ್ ತೆಗೆಯಬಲ್ಲರು, ತಡೆದಿಡಬಲ್ಲರು. ಮ್ಯಾನೇಜಿಂಗ್ ಮಾಡರೇಟರ್‌ಗೆ ಅದಕ್ಕಿಂತ ಹೆಚ್ಚಿನ ಅಧಿಕಾರ. ಹೊಸಬರಿಗೆ ಮೊದಲನೆಯದೇ ಸಾಕು.

ಪ್ರತಿ ವಿಡಿಯೊಗೂ ತಡೆಯ ಮಟ್ಟ ಬೇರೆ ಇಡಬಹುದು: ಏನೂ ಬೇಡ, ಬೇಸಿಕ್, ಸ್ಟ್ರಿಕ್ಟ್, ಎಲ್ಲವನ್ನೂ ತಡೆ. ಇದು ಗೂಗಲ್‌ನ ಸ್ವಂತ ಯಂತ್ರದ ತೀರ್ಮಾನ, ನಿಮ್ಮ ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡಕ್ಕೆ ಬೇಸಿಕ್ ಜೊತೆಗೆ ಸ್ವಂತ ಪಟ್ಟಿ ಎಂಬ ಜೋಡಿ ಸರಿಹೊಂದುತ್ತದೆ. ಯಾವುದೋ ಗುಂಪು ದಂಡೆತ್ತಿ ಬಂದ ವಿಡಿಯೊ ಒಂದಕ್ಕೆ ಮಾತ್ರ ಎರಡು ದಿನ ಸ್ಟ್ರಿಕ್ಟ್ ಇಟ್ಟು, ಮತ್ತೆ ಇಳಿಸಿ. ಲೈವ್ ಇದ್ದರೆ ಸ್ಲೋ ಮೋಡ್ ಹಾಕಿ ಒಬ್ಬೊಬ್ಬರ ಮಾತಿನ ನಡುವೆ 60 ಸೆಕೆಂಡ್ ಅಂತರ ಇಟ್ಟರೆ ಅರ್ಧ ಗಲಾಟೆ ತಾನೇ ತಣ್ಣಗಾಗುತ್ತದೆ. ಯಾರ ಮಾತನ್ನೂ ಅಳಿಸದೆ ಸಿಗುವ ಲಾಭ ಇದು, ಆದರೂ ಇದನ್ನು ಬಳಸುವವರು ಕಡಿಮೆ.

ಪದಪಟ್ಟಿ ಮಾಡುವ ಬಗೆ

ಸಲಕರಣೆ ಯಾವುದೇ ಇರಲಿ, ಕನ್ನಡದಲ್ಲಿ ಅದರ ಜೀವ ಇರುವುದು ನೀವು ಕೊಡುವ ಪಟ್ಟಿಯಲ್ಲಿ. ಇಂಗ್ಲಿಷ್‌ಗೆ ಹೊಲಿದ ಅಂಗಿ ನಮಗೆ ಎಲ್ಲೆಲ್ಲಿ ಬಿಗಿಯುತ್ತದೆ ನೋಡಿ.

ಮೊದಲನೆಯದು ವಿಭಕ್ತಿ. ‘ಹುಚ್ಚ’ ಎಂಬ ಸಾಧಾರಣ ಪದವೇ ಹುಚ್ಚನಿಗೆ, ಹುಚ್ಚನ್ನ, ಹುಚ್ಚರು, ಹುಚ್ಚಂಗೆ, ಹುಚ್ನನ್ಮಗ ಎಂದು ಹತ್ತು ವೇಷ ಹಾಕುತ್ತದೆ. ಎರಡನೆಯದು ಆಡುನುಡಿ: ಹಳೇ ಮೈಸೂರಿನ ಕಡೆ ಹಕಾರ ಬಿದ್ದು ‘ಉಚ್ಚ’ ಆಗುತ್ತದೆ. ಅದನ್ನು ಪಟ್ಟಿಗೆ ಸೇರಿಸಿದಿರೋ, ‘ಉಚ್ಚ ನ್ಯಾಯಾಲಯ’ ಬಿಡಿಸಿ ಬರೆದ ಕಾಮೆಂಟೂ ಬಲೆಗೆ ಬಿತ್ತು. ಮೂರನೆಯದು, ಅತಿ ದೊಡ್ಡದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೂಢಿ. ‘ಚ್ಚ’ಕ್ಕೆ ಒಬ್ಬರು ಒಂದು ಸಿ ಹಾಕಿದರೆ ಇನ್ನೊಬ್ಬರು ಎರಡು, ಮತ್ತೊಬ್ಬರು ಎಚ್ ಕೂಡ ಎರಡು. ದೀರ್ಘಕ್ಕೆ ಎ ಒಂದೋ ಎರಡೋ ಎಂಬುದು ಬೆರಳಿನ ಅವಸರಕ್ಕೆ ಬಿಟ್ಟದ್ದು. ಒಂದು ಪದಕ್ಕೆ ಐದಾರು ಕಾಗುಣಿತ ಖಚಿತ.

ನಾಲ್ಕನೆಯದು ಬೇಕೆಂದೇ ಮಾಡುವ ತಂತ್ರ. ಅಕ್ಷರಗಳ ನಡುವೆ ಚುಕ್ಕಿ, ನಕ್ಷತ್ರ, ಖಾಲಿ ಜಾಗ ಇಡುವುದು ಹಳೆಯದಾಯಿತು. ಈಗಿನದು ತೆಲುಗು ಲಿಪಿಯ ಅಕ್ಷರ ಬೆರೆಸುವುದು. ತೆಲುಗಿನ ಗ, ಜ, ದ, ರ ನಮ್ಮ ಕಣ್ಣಿಗೆ ಹೆಚ್ಚುಕಮ್ಮಿ ಕನ್ನಡವೇ, ಕಂಪ್ಯೂಟರ್ ಅಕ್ಷರ ಗುರುತಿಸುವ ಸಂಕೇತಪಟ್ಟಿಯಾದ ಯುನಿಕೋಡ್‌ನಲ್ಲಿ ಮಾತ್ರ ಎರಡೂ ಲಿಪಿಗೆ ಬೇರೆ ಬೇರೆ ವಿಭಾಗ. ಓದುಗರು ಬೈಗುಳವನ್ನೇ ಓದುತ್ತಾರೆ, ಫಿಲ್ಟರ್‌ಗೆ ಅದು ಕಂಡರಿಯದ ಪದ. ಇಂಥ ಕಾಮೆಂಟ್ ಸಿಕ್ಕಾಗ ಪದವನ್ನು ಕೈಯಿಂದ ಟೈಪ್ ಮಾಡಬೇಡಿ. ಕಾಮೆಂಟಿನಿಂದಲೇ ನಕಲು ಮಾಡಿ ಪಟ್ಟಿಗೆ ಅಂಟಿಸಿ, ಆಗ ಕಣ್ಣಿಗೆ ಕಾಣದ ಸಂಕೇತಗಳೂ ಜೊತೆಗೆ ಬರುತ್ತವೆ. ‘ರ‍್ಯಾ’ ಥರದ ಒತ್ತಕ್ಷರದ ಒಳಗೆ ಅಡಗಿ ಕೂರುವ ಜೋಡಣೆಯ ಸಂಕೇತಕ್ಕೂ ಇದೇ ಮದ್ದು.

ಅಳತೆ ಹೇಳುವುದಾದರೆ, 40ರಿಂದ 60 ಮೂಲ ಪದ, ಒಂದೊಂದಕ್ಕೆ ಐದಾರು ರೂಪ, ಒಟ್ಟು 300ರ ಆಸುಪಾಸು ಸಾಕು. ಸಾವಿರ ದಾಟಿಸಿದರೆ ಬಲೆಗೆ ಬೀಳುವುದು ಮುಗ್ಧರೇ ಜಾಸ್ತಿ. ಪಟ್ಟಿಯನ್ನು ಪರೀಕ್ಷಿಸದೆ ಬಿಡಬೇಡಿ: ಒಂದು ಅನ್‌ಲಿಸ್ಟೆಡ್ ವಿಡಿಯೊ ಹಾಕಿ, ಇಪ್ಪತ್ತು ಕೆಟ್ಟ ಕಾಮೆಂಟ್, ಅದೇ ಪದಗಳು ಒಳ್ಳೆಯ ಅರ್ಥದಲ್ಲಿ ಬರುವ ಇಪ್ಪತ್ತು ಕಾಮೆಂಟ್ ಹಾಕಿ ನೋಡಿ. ಹಾಕುವುದು ಬೇರೆ ಸಾಮಾನ್ಯ ಖಾತೆಯಿಂದ. ಚಾನೆಲ್ ಒಡೆಯರಿಗೆ, ಮಾಡರೇಟರ್‌ಗೆ, ಅನುಮತಿ ಪಡೆದವರಿಗೆ ಫಿಲ್ಟರ್ ತಟ್ಟುವುದಿಲ್ಲ. ಅವರ ಖಾತೆಯಿಂದ ಪರೀಕ್ಷಿಸಿ ‘ಫಿಲ್ಟರ್ ಕೆಲಸವೇ ಮಾಡ್ತಿಲ್ಲ’ ಎನ್ನುವವರು ಬಹಳ.

ಪಟ್ಟಿಗೆ ಎಂದೂ ಸೇರಬಾರದ್ದು ಸಮುದಾಯಗಳ ಹೆಸರು. ಜಾತಿಯ ಹೆಸರೇ ಬೈಗುಳವಾಗಿ ಬಳಕೆಯಾಗುವ ಊರಿನಲ್ಲಿ ಇದು ತಲೆನೋವಿನ ಮಾತು, ನಿಜ. ಆದರೆ ಜಾತಿಯ ಹೆಸರು ತಡೆದರೆ ಮೊದಲು ಬಾಯಿ ಮುಚ್ಚುವುದು ‘ನಮ್ಮ ಕೇರಿಗೆ ನೀರು ಬಿಡುತ್ತಿಲ್ಲ’ ಎಂದು ಹೆಸರು ಹೇಳಿಕೊಂಡು ದೂರುವವರದ್ದು. ಹೆಸರಿನ ಜೊತೆಗೆ ಬೈಗುಳ ಸೇರಿದ ಜೋಡಿಪದವನ್ನು ಮಾತ್ರ ಸೇರಿಸಿ. ಹಾಗೆಯೇ ‘ಭಕ್ತ’. ರಾಜಕೀಯ ಜಗಳದಲ್ಲಿ ಅದು ಮೂದಲಿಕೆ ಎಂದು ತಡೆದ ಪುಟ, ಧರ್ಮಸ್ಥಳದ ದೀಪೋತ್ಸವದ ವಿಡಿಯೊ ಹಾಕಿದ ದಿನ ಅರ್ಧ ಕಾಮೆಂಟು ಕಳೆದುಕೊಳ್ಳುತ್ತದೆ. ‘ಗಂಜಿ ಗಿರಾಕಿ’ಯಂಥ ಜೋಡಿ ಮೂದಲಿಕೆಗೆ ಈ ಅಪಾಯ ಕಡಿಮೆ, ಆದರೆ ಅದು ದ್ವೇಷವೋ ಬರೀ ಕೊಂಕೋ ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಮಟ್ಟಿಗೆ ಕೊಂಕು, ಬಿಟ್ಟುಬಿಡುವಂಥದ್ದು.

ಫೇಸ್‌ಬುಕ್, ಇನ್‌ಸ್ಟಾ, ಎಕ್ಸ್, ವಾಟ್ಸ್ಆ್ಯಪ್

ಫೇಸ್‌ಬುಕ್ ಪುಟದಲ್ಲಿ ಪದಪಟ್ಟಿಗೆ 1000 ಪದದ ಮಿತಿ, ಯಾವ ಭಾಷೆಯದ್ದಾದರೂ ಆಗುತ್ತದೆ. ಮಾಡರೇಷನ್ ಅಸಿಸ್ಟ್ ಎಂಬ ಸೌಲಭ್ಯದಲ್ಲಿ ಪದವಲ್ಲದೆ ಖಾತೆಯ ಲಕ್ಷಣಗಳನ್ನೂ ಹಿಡಿಯಬಹುದು: ಪ್ರೊಫೈಲ್ ಚಿತ್ರ ಇಲ್ಲದವರು, ಗೆಳೆಯರೇ ಇಲ್ಲದವರು, ಲಿಂಕ್ ಹಾಕುವವರು. ದಾಳಿಗೆಂದೇ ಹುಟ್ಟಿಸಿದ ಖಾತೆಗಳಿಗೆ ಇದು ಪದಪಟ್ಟಿಗಿಂತ ಚುರುಕು. ಆದರೆ ಮುಖ ತೋರಿಸಲು ಅಂಜುವ ಹೆಣ್ಣುಮಕ್ಕಳ ಖಾತೆಗಳಿಗೂ ಚಿತ್ರ ಇರುವುದಿಲ್ಲ. ಅವರು ಏಕೆ ಚಿತ್ರ ಹಾಕಿಲ್ಲ ಎಂಬುದಕ್ಕೆ ಕಾರಣ ಇದೇ ಕಾಮೆಂಟುಗಳು ತಾನೆ!

‘ಹೈಡ್’ ಗುಂಡಿಯ ಬಗ್ಗೆ ಮಾತ್ರ ತಿಳಿದಿರಲೇಬೇಕು. ಫೇಸ್‌ಬುಕ್‌ನಲ್ಲಿ ಹೈಡ್ ಮಾಡಿದ ಕಾಮೆಂಟ್ ಬರೆದವರಿಗೂ ಅವರ ಗೆಳೆಯರಿಗೂ ಕಾಣುತ್ತಲೇ ಇರುತ್ತದೆ. ಬೈದವನ ಗೆಳೆಯರ ಬಳಗವೇ ನಿಮ್ಮ ಪುಟಕ್ಕೆ ನುಗ್ಗಿದ್ದರೆ ಅವರ ಪಾಲಿಗೆ ಏನೂ ಅಡಗಿಲ್ಲ, ಒಬ್ಬರಿಗೊಬ್ಬರು ಲೈಕ್ ಒತ್ತಿಕೊಂಡು ಇರುತ್ತಾರೆ. ಬೆದರಿಕೆ, ಮನೆ ವಿಳಾಸ ಇದ್ದಲ್ಲಿ ಹೈಡ್ ಸಾಲದು. ಮೊದಲು ಪುರಾವೆ ಉಳಿಸಿ, ಆಮೇಲೆ ಡಿಲೀಟ್. ಇನ್‌ಸ್ಟಾಗ್ರಾಮ್‌ನ ‘ರಿಸ್ಟ್ರಿಕ್ಟ್’ ಇದಕ್ಕಿಂತ ಜಾಣ: ಆ ವ್ಯಕ್ತಿಯ ಕಾಮೆಂಟ್ ಅವರಿಗೊಬ್ಬರಿಗೇ ಕಾಣುತ್ತದೆ, ನೀವು ಒಪ್ಪಿದರೆ ಎಲ್ಲರಿಗೂ. ಎರಡರಲ್ಲೂ ಇರುವ ಊನ ಒಂದೇ, ಗೋಡೆಗೆ ಮಾತಾಡುತ್ತಿದ್ದೇನೆಂದು ಬರೆದವರಿಗೆ ಗೊತ್ತಾಗುವುದಿಲ್ಲ. ಪುಂಡರಿಗೆ ಸರಿ, ತಪ್ಪಾಗಿ ಸಿಕ್ಕಿಕೊಂಡವರಿಗೆ ಅನ್ಯಾಯ.

ಈ ಎರಡರ ಒಡೆಯ ಕಂಪನಿ ಮೆಟಾ 2025ರ ಜನವರಿಯಲ್ಲಿ ತನ್ನ ದ್ವೇಷಭಾಷಣದ ನೀತಿಯನ್ನು ಸಡಿಲಿಸಿ ಹೆಸರನ್ನೂ ಬದಲಿಸಿತು. ಯಂತ್ರ ತಾನಾಗಿ ಹುಡುಕುವುದು ಭಯೋತ್ಪಾದನೆ, ಮಕ್ಕಳ ಶೋಷಣೆಯಂಥ ಗಂಭೀರ ಉಲ್ಲಂಘನೆಗಳನ್ನು, ಉಳಿದವಕ್ಕೆ ಯಾರಾದರೂ ರಿಪೋರ್ಟ್ ಮಾಡಬೇಕು ಎಂಬ ದಿಕ್ಕಿಗೆ ಹೊರಳಿತು. ಅಂದರೆ ರಿಪೋರ್ಟ್ ಮಾಡುವವರ ಹೊಣೆ ಹೆಚ್ಚಿತು. ತಪ್ಪು ತೆಗೆದುಹಾಕುವಿಕೆಗೆ ಮೆಟಾದಲ್ಲಿ ಇರುವ ಕೊನೆಯ ಬಾಗಿಲು, ಕಂಪನಿಯ ತೀರ್ಮಾನಗಳನ್ನು ಮರುಪರಿಶೀಲಿಸುವ ಸ್ವತಂತ್ರ ಮಂಡಳಿಯಾದ ಓವರ್‌ಸೈಟ್ ಬೋರ್ಡ್. ಒಳಗಿನ ಮೇಲ್ಮನವಿ ಮುಗಿದು ಸಿಗುವ ಉಲ್ಲೇಖ ಸಂಖ್ಯೆ ಹಿಡಿದು 15 ದಿನದೊಳಗೆ ಹೋಗಬೇಕು. ಅದು ಕೈಗೆತ್ತಿಕೊಳ್ಳುವುದು ಬೆರಳೆಣಿಕೆಯಷ್ಟನ್ನು, ಆದರೂ 2021ರಲ್ಲಿ ಪಂಜಾಬಿ ಪೋಸ್ಟ್ ಒಂದರ ಪ್ರಕರಣ ನಮಗೆ ಪಾಠ. ಆರ್‌ಎಸ್‌ಎಸ್ ಮತ್ತು ಸರ್ಕಾರವನ್ನು ಟೀಕಿಸಿದ್ದ ಆ ಪೋಸ್ಟನ್ನು ಕಂಪನಿ ತೆಗೆದಿತ್ತು. ಬೋರ್ಡ್ ಕೈಗೆತ್ತಿಕೊಂಡ ಮೇಲೆ ತಪ್ಪೊಪ್ಪಿ ವಾಪಸು ಹಾಕಿತು. ಕಂಪನಿಯ ನಿಯಮಗಳೇ ಪಂಜಾಬಿಯಲ್ಲಿ ಇಲ್ಲ ಎಂಬುದನ್ನು ಬೋರ್ಡ್ ಎತ್ತಿ ತೋರಿಸಿತು. ಓದಲಾಗದ ನಿಯಮ ಮುರಿದದ್ದಕ್ಕೆ ಶಿಕ್ಷೆ!

ಎಕ್ಸ್‌ನಲ್ಲಿ ಪದ ಮ್ಯೂಟ್ ಮಾಡುವುದು ನಿಮ್ಮ ಕಣ್ಣು ಮುಚ್ಚಿಕೊಂಡ ಹಾಗೆ, ಉಳಿದವರಿಗೆ ಎಲ್ಲ ಕಾಣುತ್ತದೆ. 2024ರ ನವೆಂಬರ್‌ನಿಂದ ಬ್ಲಾಕ್ ಮಾಡಿದವರೂ ನಿಮ್ಮ ಬಹಿರಂಗ ಪೋಸ್ಟ್ ನೋಡಬಲ್ಲರು. ಅಲ್ಲಿ ಕೆಲಸಕ್ಕೆ ಬರುವುದು ಯಾರು ಉತ್ತರಿಸಬಹುದು ಎಂಬ ನಿಯಂತ್ರಣ, ಅದನ್ನು ಪೋಸ್ಟ್ ಹಾಕುವಾಗಲೂ ಇಡಬಹುದು, ಆಮೇಲೂ ಬದಲಿಸಬಹುದು. ಹೈಡ್ ಮಾಡಿದ ಉತ್ತರಗಳನ್ನು ಬೇಕಾದವರು ಒಂದು ಗುರುತು ಒತ್ತಿ ನೋಡಬಹುದು. ಟೀಕೆ ಅಡಗಿಸಿದರೆ ಅಡಗಿಸಿದ್ದು ಊರಿಗೆಲ್ಲ ಗೊತ್ತಾಗುತ್ತದೆ, ಇದೊಂದು ವಿನ್ಯಾಸ ನಮಗೆ ಇಷ್ಟವಾಯಿತು. ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಅಷ್ಟೆ: ಅಡ್ಮಿನ್ ಅಳಿಸಿದರೆ ‘ಅಡ್ಮಿನ್ ಅಳಿಸಿದ್ದಾರೆ’ ಎಂದೇ ಬರುತ್ತದೆ. ಅಲ್ಲಿ ರಿಪೋರ್ಟ್ ಒತ್ತಿದರೆ ಕಂಪನಿಗೆ ಹೋಗುವುದು ಕೊನೆಯ ಐದು ಸಂದೇಶ ಮಾತ್ರ. ಆದ್ದರಿಂದ ದ್ವೇಷದ ಸಂದೇಶ ಬಂದ ಕೂಡಲೇ ಒತ್ತಿ. ಗುಡ್ ಮಾರ್ನಿಂಗ್ ಹೂವುಗಳು ಆರಾದ ಮೇಲೆ ಒತ್ತಿದರೆ ಅವರು ನೋಡುವುದು ಹೂವನ್ನೇ.

ಕನ್ನಡ ಬಲ್ಲ ಯಂತ್ರ ಇದೆಯೇ?

‘ಉಲಿ’ ಎಂಬ ಬ್ರೌಸರ್ ಪ್ಲಗಿನ್ ಅನ್ನು ಬೆಂಗಳೂರಿನಲ್ಲೂ ಕಚೇರಿ ಇದ್ದ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ ಮತ್ತು ಟ್ಯಾಟಲ್ ಎಂಬ ಸಂಸ್ಥೆಗಳು ಸೇರಿ 2022ರಲ್ಲಿ ಹೊರತಂದವು. ಬೈಗುಳ ಕಂಡಲ್ಲಿ ಅದರ ಮೇಲೆ ಮುಸುಕು ಎಳೆಯುತ್ತದೆ, ನೋಡುವವರ ಪರದೆಯಲ್ಲಿ ಮಾತ್ರ. ಬರೆದವರ ಮಾತಿಗೆ ಧಕ್ಕೆ ಇಲ್ಲ, ಓದುವವರಿಗೆ ಗಾಯವಿಲ್ಲ. ದಾಳಿಗೆ ಗುರಿಯಾದವರನ್ನೇ ಕೂರಿಸಿಕೊಂಡು ಪದಪಟ್ಟಿ ಮಾಡಿದ್ದು ಇದರ ಹೆಚ್ಚುಗಾರಿಕೆ. ಬಂದಾಗ ಇದ್ದ ಭಾಷೆಗಳು ಹಿಂದಿ, ತಮಿಳು, ಭಾರತೀಯ ಇಂಗ್ಲಿಷ್. ಹೆಸರೇನೋ ನಮ್ಮ ಕಿವಿಗೆ ಕನ್ನಡದ್ದೇ, ಕನ್ನಡ ಮಾತ್ರ ಇರಲಿಲ್ಲ.

ಕನ್ನಡ ಯಾಕೆ ಹಿಂದೆ ಬೀಳುತ್ತದೆ ಎಂಬುದಕ್ಕೆ ಲೆಕ್ಕ ಸರಳ. ಕನ್ನಡ-ಇಂಗ್ಲಿಷ್ ಬೆರಕೆಯ ಯೂಟ್ಯೂಬ್ ಕಾಮೆಂಟುಗಳನ್ನು ಕೂಡಿಸಿ, ಬೈಗುಳವೋ ಅಲ್ಲವೋ ಎಂದು ಮನುಷ್ಯರಿಂದ ಗುರುತು ಹಾಕಿಸಿ 2020ರಲ್ಲಿ ಸಂಶೋಧಕರು ಹೊರತಂದ ದತ್ತಾಂಶದಲ್ಲಿ ಇದ್ದದ್ದು ಏಳು ಸಾವಿರ ಚಿಲ್ಲರೆ ಕಾಮೆಂಟು. ಬೀದರಿನಿಂದ ಚಾಮರಾಜನಗರದ ತನಕದ ಬೈಗುಳಕ್ಕೆ ಏಳು ಸಾವಿರ ಎಲ್ಲಿ ಸಾಕು? ಧಾರವಾಡದಲ್ಲಿ ಗೆಳೆಯನನ್ನು ಪ್ರೀತಿಯಿಂದ ಕರೆಯುವ ಮಾತು ಮಂಡ್ಯದವರಿಗೆ ಜಗಳದ ಮಾತು. ಯಂತ್ರ ಇದನ್ನು ಕಲಿಯುವ ತನಕ ಅದರ ತೀರ್ಮಾನವನ್ನು ಸುಳಿವು ಎಂದು ತೆಗೆದುಕೊಳ್ಳಬಹುದು, ತೀರ್ಪು ಎಂದಲ್ಲ.

ಕುಂದುಕೊರತೆ ಅಧಿಕಾರಿ, ಆಮೇಲೆ ಮೇಲ್ಮನವಿ ಸಮಿತಿ

50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣಗಳು ಭಾರತದಲ್ಲೇ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕೆಂದು 2021ರ ಐಟಿ ನಿಯಮಗಳು ಹೇಳುತ್ತವೆ. ದೂರು ತಲುಪಿದ 24 ಗಂಟೆಯಲ್ಲಿ ಸ್ವೀಕೃತಿ ಬರಬೇಕು. ಇತ್ಯರ್ಥಕ್ಕೆ ಮೊದಲು 15 ದಿನ ಇತ್ತು, 2026ರ ಫೆಬ್ರುವರಿಯ ತಿದ್ದುಪಡಿ ಅದನ್ನು 7 ದಿನಕ್ಕೆ ಇಳಿಸಿದೆ. ಆ್ಯಪಿನಲ್ಲಿ ರಿಪೋರ್ಟ್ ಗುಂಡಿ ಒತ್ತಿದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸ: ಇಲ್ಲಿ ದೂರಿಗೆ ಸಂಖ್ಯೆ ಸಿಗುತ್ತದೆ, ಗಡುವು ಇರುತ್ತದೆ, ಮೇಲೆ ಹೋಗಲು ದಾರಿ ಇರುತ್ತದೆ.

ದೂರು ಬಿದ್ದುಹೋಗುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಒಂದು, ಲಿಂಕ್ ತಪ್ಪು. ವಿಡಿಯೊದ್ದೋ ಪ್ರೊಫೈಲಿನದ್ದೋ ಲಿಂಕ್ ಕೊಟ್ಟರೆ ಸಾವಿರ ಕಾಮೆಂಟಿನಲ್ಲಿ ಯಾವುದೆಂದು ಹುಡುಕುವುದು? ಯೂಟ್ಯೂಬ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಕಾಮೆಂಟಿನ ಜೊತೆಗಿರುವ ‘2 ದಿನಗಳ ಹಿಂದೆ’ ಎಂಬ ಸಮಯದ ಮೇಲೆ ಕಂಪ್ಯೂಟರಿನಲ್ಲಿ ಒತ್ತಿದರೆ ಆ ಕಾಮೆಂಟಿನದೇ ಲಿಂಕ್ ವಿಳಾಸಪಟ್ಟಿಯಲ್ಲಿ ಬರುತ್ತದೆ. ಎರಡು, ಕನ್ನಡ ವಾಕ್ಯವನ್ನು ಹಾಗೇ ಅಂಟಿಸಿ ಬಿಡುವುದು. ಕನ್ನಡ ಮೂಲ, ಅದರ ಕೆಳಗೆ ಪದಕ್ಕೆ ಪದ ಇಂಗ್ಲಿಷ್, ಅದರ ಕೆಳಗೆ ನಿಜವಾದ ಅರ್ಥ, ಹೀಗೆ ಮೂರು ಸಾಲು ಕೊಡಿ. ‘ಇವರಿಗೆ ಕಾಯಿ ಒಡೆಯೋ ಟೈಮ್ ಬಂತು’ ಎಂಬುದನ್ನು ಅನುವಾದ ಯಂತ್ರ ಪೂಜೆ ಎಂದು ತಿಳಿದರೆ ಆಶ್ಚರ್ಯವಿಲ್ಲ. ಗಲಾಟೆಯಾದ ಬೀದಿಯ ಚಿತ್ರದ ಕೆಳಗೆ ಅದು ತಲೆ ಒಡೆಯುವ ಮಾತು ಎಂದು ನೀವೇ ಹೇಳಬೇಕು. ಮೂರು, ಆರೋಪ ತೀರಾ ಅಗಲ. ‘ನಮ್ಮ ಭಾವನೆಗೆ ನೋವಾಗಿದೆ’ ಎಂದು ಬರೆದರೆ ನಿಲ್ಲುವುದಿಲ್ಲ. 2022ರ ಅಕ್ಟೋಬರ್‌ನ ತಿದ್ದುಪಡಿಯ ನಂತರದ ನಿಯಮ 3(1)(ಬಿ) ಹೇಳುವುದು ಹಿಂಸೆಗೆ ಪ್ರಚೋದಿಸುವ ಉದ್ದೇಶದಿಂದ ಧರ್ಮ, ಜಾತಿಯ ಆಧಾರದ ಮೇಲೆ ಗುಂಪುಗಳ ನಡುವೆ ವೈರ ಹಬ್ಬಿಸುವುದರ ಬಗ್ಗೆ. ಆ ಅಳತೆಗೆ ಹೊಂದುವುದನ್ನು ಮಾತ್ರ ಆ ಕಲಮಿನಡಿ ಬರೆಯಿರಿ.

‘ಎಲ್ಲರೂ ಮಾಸ್ ರಿಪೋರ್ಟ್ ಹೊಡೀರಿ’ ಎಂಬ ಕರೆ ವ್ಯರ್ಥ. ಇನ್ನೂರು ಒಣ ರಿಪೋರ್ಟಿಗಿಂತ ಸಂದರ್ಭ ವಿವರಿಸಿದ ಒಂದು ದೂರು ಲೇಸು. ಅಲ್ಲದೆ ಗುಂಪು ಕಟ್ಟಿ ರಿಪೋರ್ಟ್ ಮಾಡುವ ಅಸ್ತ್ರವನ್ನು ಹೆಚ್ಚು ಪಳಗಿಸಿಕೊಂಡಿರುವವರು ದ್ವೇಷ ಹರಡುವವರೇ.

ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ದರೆ, ಗಡುವಿನೊಳಗೆ ಉತ್ತರವೇ ಬರದಿದ್ದರೆ, ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿ ಇದೆ. 2023ರ ಜನವರಿಯಲ್ಲಿ ಮೂರು ಸಮಿತಿ ರಚನೆಯಾಗಿ ಮಾರ್ಚ್ 1ರಿಂದ ಪೋರ್ಟಲ್ ನಡೆಯುತ್ತಿದೆ. ಅಧಿಕಾರಿಯ ಉತ್ತರ ಕೈಸೇರಿದ 30 ದಿನದೊಳಗೆ ಹಾಕಬೇಕು, ಸಮಿತಿ 30 ದಿನದಲ್ಲಿ ತೀರ್ಮಾನಿಸಲು ಯತ್ನಿಸಬೇಕು. ವಕೀಲರು ಬೇಡ, ಎಲ್ಲವೂ ಆನ್‌ಲೈನ್. ಹೆಚ್ಚಿನವರಿಗೆ ತಿಳಿಯದ ಸಂಗತಿ ಎಂದರೆ ಇದು ಎರಡೂ ಕಡೆಯವರಿಗೆ ತೆರೆದ ಬಾಗಿಲು. ದ್ವೇಷದ ಪೋಸ್ಟ್ ತೆಗೆಯಲಿಲ್ಲ ಎಂದೂ ಹೋಗಬಹುದು, ತಮ್ಮ ಪೋಸ್ಟನ್ನು ತಪ್ಪಾಗಿ ತೆಗೆದರು, ಖಾತೆ ಅಮಾನತು ಮಾಡಿದರು ಎಂದೂ ಹೋಗಬಹುದು. ಕಂಪನಿ ತಾನಾಗಿ ತೆಗೆಯುವಾಗ ಬಳಕೆದಾರರಿಗೆ ಕಾರಣ ತಿಳಿಸಬೇಕು, ಪ್ರಶ್ನಿಸಲು ಅವಕಾಶ ಕೊಡಬೇಕು ಎಂದು ನಿಯಮ 4(8) ಹೇಳುತ್ತದೆ. ತೆಗೆಸಿಕೊಂಡವರು ಈ ಸಂಖ್ಯೆಯನ್ನು ದೂರಿನಲ್ಲಿ ನಮೂದಿಸಬೇಕು.

ಕಾಗದದ ಮೇಲೆ ಎರಡನೇ ಪ್ರಶ್ನೆಗೂ ಪಾಸಾಗುವ ವ್ಯವಸ್ಥೆ ಇದೊಂದೇ. ತೊಡಕು ಇರುವುದು ನೇಮಕದಲ್ಲಿ: ಸಮಿತಿಯ ಸದಸ್ಯರನ್ನು ನೇಮಿಸುವುದು ಸರ್ಕಾರ, ಮೊದಲ ಸಮಿತಿಯ ಅಧ್ಯಕ್ಷತೆ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಮುಖ್ಯಸ್ಥರದ್ದು. ಸರ್ಕಾರವನ್ನು ಟೀಕಿಸಿದ ಪೋಸ್ಟಿನ ಮೇಲ್ಮನವಿ ಸರ್ಕಾರ ನೇಮಿಸಿದವರ ಮುಂದೆ ಎಂದಾಗ ಹುಬ್ಬೇರುವುದು ಸಹಜ.

ಠಾಣೆ ಕೊನೆಗೆ

ಬೆದರಿಕೆ, ಹಿಂಸೆಗೆ ಕರೆ, ಜಾತಿನಿಂದನೆ ಇದ್ದರೆ ಸೈಬರ್ ಅಪರಾಧ ಪೋರ್ಟಲ್ ಅಥವಾ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ. 1930 ಸಂಖ್ಯೆ ಮುಖ್ಯವಾಗಿ ಹಣ ಕಳೆದುಕೊಂಡವರಿಗೆ, ಇದಕ್ಕೆ ಅಲ್ಲ. ಗುಂಪುಗಳ ನಡುವೆ ವೈರ ಬಿತ್ತುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 196, ಮೂರು ವರ್ಷದವರೆಗೆ ಶಿಕ್ಷೆ. ಬೆದರಿಕೆಗೆ 351. ಪರಿಶಿಷ್ಟರ ಜಾತಿನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ.

ಬರೀ ಸ್ಕ್ರೀನ್‌ಶಾಟ್ ಹಿಡಿದು ಹೋದರೆ ಮುಂದೆ ಕೋರ್ಟಿನಲ್ಲಿ ಸೋರುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಕೇಳುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವೂ (ಕಡತದ ಬೆರಳಚ್ಚಿನಂಥ ಸಂಕೇತ) ಬೇಕು. ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಚಿತ್ರವನ್ನು ಕತ್ತರಿಸದೆ ಮೂಲ ಕಡತ ಇಡಿ, ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಚಿತ್ರ ಕುಗ್ಗಿ ಬೇರೆಯೇ ಕಡತವಾಗುತ್ತದೆ. ಹೆಸರು ಬದಲಾಗುತ್ತಿರುತ್ತದೆ, ಆದ್ದರಿಂದ ಖಾತೆಯ ಲಿಂಕ್ ಬರೆದುಕೊಳ್ಳಿ. ದಿನಾಂಕ, ಸಮಯ, ಕಾಮೆಂಟಿನ ಲಿಂಕ್ ಮೂರೂ ಒಂದೇ ಹಾಳೆಯಲ್ಲಿರಲಿ. ದೂರು ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಎಸ್‌ಪಿಗೆ ಲಿಖಿತವಾಗಿ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟ್.

ಟೀಕೆಗೇ ಕೇಸು ಬಿದ್ದವರು ಎರಡು ಸಂಗತಿ ನೆನಪಿಡಬೇಕು. ಸಂಸದ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು 173(3)ರ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಎಂದಿತು. ಆ ವಿಚಾರಣೆಗೆ 14 ದಿನ. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಅಳತೆಯಲ್ಲಿ ನೋಡಬೇಕೇ ಹೊರತು ಸದಾ ಅಂಜುವವರ ಅಳತೆಯಲ್ಲಿ ಅಲ್ಲ ಎಂದೂ ಹೇಳಿತು. ಎರಡನೆಯದು, ಕಲಂ 196ರ ಪ್ರಕರಣವನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು. ಇನ್ನು ‘ಆಕ್ಷೇಪಾರ್ಹ’ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ 2015ರ ಮಾರ್ಚ್‌ನಲ್ಲೇ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ರದ್ದಾಗಿದೆ. ಅದನ್ನು ಇಂದಿಗೂ ನೋಟಿಸಿನಲ್ಲಿ ಕಂಡರೆ ಪ್ರಶ್ನಿಸಿ.

ಇವೆಲ್ಲದರ ಮೇಲಿರುವುದು ಸರ್ಕಾರ ನೇರವಾಗಿ ಕಂಪನಿಗೆ ಹೇಳಿ ತೆಗೆಸುವ ದಾರಿ. ಇಂಥ ಸೂಚನೆಗಳನ್ನು ಕಳಿಸುವ ಸರ್ಕಾರದ ಸಹಯೋಗ್ ಪೋರ್ಟಲನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಕೋರ್ಟ್ ಅಥವಾ ಸರ್ಕಾರದ ಆದೇಶ ಪಾಲನೆಗೆ ಇದ್ದ 36 ಗಂಟೆ ಈಗ 3 ಗಂಟೆ. ಕನ್ನಡದ ಪೋಸ್ಟನ್ನು ಕನ್ನಡ ಬಲ್ಲವರಿಗೆ ತಲುಪಿಸಿ, ಓದಿಸಿ, ಆಕ್ಷೇಪ ಎತ್ತಲು 3 ಗಂಟೆಯಲ್ಲಿ ಆಗುವುದಿಲ್ಲ, ಕಂಪನಿ ತೆಗೆದು ಕೈತೊಳೆದುಕೊಳ್ಳುತ್ತದೆ. 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ರಾಜ್ಯದ ದ್ವೇಷಭಾಷಣ ಮಸೂದೆಯಲ್ಲೂ ಇದೇ ಆತಂಕ. ವ್ಯಾಖ್ಯೆ ಅಗಲವಾದಷ್ಟೂ 66ಎ ನೆನಪಾಗುತ್ತದೆ.

ಒಂದು ಮರೆತ ಪೆಟ್ಟಿಗೆ

ಮತ್ತೆ ಯೂಟ್ಯೂಬ್ ಸ್ಟುಡಿಯೊಗೆ ಬನ್ನಿ. ‘ಹಿಡನ್ ಯೂಸರ್ಸ್’ ಪೆಟ್ಟಿಗೆಯಲ್ಲಿ ನೀವು ಸಿಟ್ಟಿನಲ್ಲಿ ತಳ್ಳಿದವರೆಲ್ಲ ಇದ್ದಾರೆ. ಅವರಿಗೆ ಸುದ್ದಿ ಹೋಗಿಲ್ಲ, ಇನ್ನೂ ಬರೆಯುತ್ತಿರಬಹುದು. ಅದಕ್ಕೆ ಗಡುವಿಲ್ಲ, 60 ದಿನಕ್ಕೆ ತಾನಾಗಿ ಖಾಲಿಯಾಗುವ ಸರತಿಯೂ ಅಲ್ಲ. ಯಾರನ್ನು ಯಾವ ದಿನ ಯಾವ ಮಾತಿಗೆ ಅಡಗಿಸಿದಿರಿ ಎಂದು ಬೇರೊಂದು ಹಾಳೆಯಲ್ಲಿ ಬರೆದಿಡಿ, ಏಕೆಂದರೆ ಪೆಟ್ಟಿಗೆಯಲ್ಲಿ ಹೆಸರಿರುತ್ತದೆ, ಕಾರಣ ಇರುವುದಿಲ್ಲ. ಮೂರು ತಿಂಗಳಿಗೊಮ್ಮೆ ಆ ಹಾಳೆ ತೆಗೆದು, ಬೆದರಿಕೆ ಹಾಕಿದವರನ್ನು ಒಳಗೇ ಬಿಟ್ಟು, ಉಳಿದವರ ಹೆಸರಿನ ಪಕ್ಕದ ಗುಣಾಕಾರದ ಗುರುತು ಒತ್ತಿ ‘ಸೇವ್’ ಮಾಡಿ.